ಆದಿಸಭೆಯ ಹೆಸರಿನಲ್ಲಿ ಕೇಳುವ ಹಣ

ಪ್ರಶ್ನೆ: ನಮ್ಮ ಪ್ರಾರ್ಥನಾ ಕೂಟಕ್ಕೆ ಹೊರಗಿನಿಂದ ಬಂದ ಪ್ರವಾದಿಯೊಬ್ಬರು, ಆದಿಸಭೆಯವರು, ಅಂದರೆ ಮೊದಲ ಕಾಲದ ಕ್ರೈಸ್ತರು, ಹೊಲ ಮನೆ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟಂತೆ ನಾವೂ ಒಡವೆ ಒಪ್ಪಿಸಬೇಕು, ಬಚ್ಚಿಟ್ಟುಕೊಂಡರೆ, ಹಣ ಬಚ್ಚಿಟ್ಟು ಬಿದ್ದು ಸತ್ತ ಅನನೀಯ ಸಪ್ಫೈರ ದಂಪತಿಯ ಗತಿಯೇ ಎಂದರು. ಮನೆಯವರು ಹೆದರಿ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೊಡಬೇಡಿ. ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತಲೇ ಇದೆ, ಹೆದರಿಸುವವರು ಅಧ್ಯಾಯವನ್ನು ಅರ್ಧ ಓದಿ ಪುಸ್ತಕ ಮುಚ್ಚುವುದೂ ನಡೆದೇ ಇದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 5ನೆಯ ಅಧ್ಯಾಯದ 4ನೆಯ ವಚನದಲ್ಲಿ ಪೇತ್ರನು ಅನನೀಯನಿಗೆ, ಮಾರುವ ಮೊದಲು ಆ ಭೂಮಿ ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ ಎಂದು ಕೇಳುತ್ತಾನೆ. ಕೊಡದಿರುವ ಹಕ್ಕು ಆತನಿಗಿತ್ತು. ಒಂದು ಪಾಲನ್ನು ತಂದು ಪೂರ್ತಿ ತಂದೆನೆಂದು ತೋರಿಸಿಕೊಂಡದ್ದೇ ತಪ್ಪು. ಆ ಹಣವಾದರೂ ಅಪೊಸ್ತಲರ ಗಂಟಾಗಲಿಲ್ಲ, ಅವರವರ ಕೊರತೆಗೆ ತಕ್ಕಂತೆ ಹಂಚಿಹೋಯಿತು ಎಂದು ಹಿಂದಿನ ಅಧ್ಯಾಯವೇ ಹೇಳುತ್ತದೆ.

ಹಂಚುವುದರಲ್ಲಿಯೂ ಲೋಪವಾಯಿತು. ಗ್ರೀಕ್ ಮಾತನಾಡುವವರ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಾಗ ಅಪೊಸ್ತಲರು ಯಾರನ್ನೂ ಶಪಿಸಲಿಲ್ಲ, ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದು ಸಭೆಗೆ ಬಿಟ್ಟರು. ಸ್ತೆಫನನೂ ಸೇರಿ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರಿದವರ ಕಡೆಯವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ. ಇಂದು ಲೆಕ್ಕ ಕೇಳಿದವರನ್ನು ಅವಿಶ್ವಾಸಿ ಎನ್ನುವ ಸಭಾಪಾಲಕರು ಈ ಭಾಗವನ್ನು ಪ್ರಸಂಗಕ್ಕೆ ಆರಿಸಿಕೊಂಡದ್ದನ್ನು ನಾನು ಕೇಳಿಲ್ಲ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹುಡುಕಬಾರದೆಂದು, ಸಭೆಗಳೇ ನೇಮಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು.

ಕಪಟ ಪ್ರವಾದಿಗಳು ಆ ಕಾಲಕ್ಕೂ ಹೊಸಬರಲ್ಲ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬ್ರಿಯೆನ್ನಿಯೋಸ್ ಎಂಬ ಧರ್ಮಾಧಿಕಾರಿಗೆ ಸಿಕ್ಕ, 1056ರಲ್ಲಿ ನಕಲಾದ ಹಸ್ತಪ್ರತಿಯೊಂದರಲ್ಲಿ ‘ದಿದಖೆ’ ಎಂಬ ಪುಟ್ಟ ಆದಿಸಭಾ ಕೈಪಿಡಿ ಇತ್ತು. ಸಂಚಾರಿ ಬೋಧಕನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಉಳಿಯಲಿ, ಮೂರನೆಯ ದಿನವೂ ಉಳಿದರೆ ಆತ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುವ ಜಾಗದವರೆಗಿನ ರೊಟ್ಟಿಯ ಹೊರತು ಏನನ್ನೂ ಒಯ್ಯಬಾರದು, ಹಣ ಕೇಳಿದರೆ ಆಗಲೂ ಸುಳ್ಳು ಪ್ರವಾದಿಯೇ ಎಂದು ಅದು ವಿಧಿಸುತ್ತದೆ. ಆತ್ಮಾವೇಶದಲ್ಲಿ ನನಗೆ ಹಣ ಕೊಡಿ ಎನ್ನುವವನ ಮಾತಿಗೆ ಕಿವಿಗೊಡಬೇಡಿ, ಕೊರತೆಯಲ್ಲಿರುವ ಇತರರಿಗಾಗಿ ಕೇಳಿದರೆ ಮಾತ್ರ ಆತನಿಗೆ ತೀರ್ಪು ಮಾಡಬೇಡಿ ಎಂಬ ಸೂಕ್ಷ್ಮವೂ ಅಲ್ಲಿದೆ. ಸುಮಾರು 197ರಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನನು ತಮ್ಮ ಸಭೆಯ ಕಾಣಿಕೆಯ ಬಗ್ಗೆ ಬರೆಯುತ್ತ, ತಿಂಗಳಿಗೊಮ್ಮೆ ಮನಸ್ಸು ಮತ್ತು ಶಕ್ತಿ ಇದ್ದವರು ಕೊಡುತ್ತಾರೆ, ಬಲವಂತವಿಲ್ಲ, ಅದು ಬಡವರ ಶವಸಂಸ್ಕಾರಕ್ಕೆ, ತಂದೆತಾಯಿಗಳಿಲ್ಲದ ಮಕ್ಕಳಿಗೆ, ವೃದ್ಧರಿಗೆ, ಹಡಗು ಒಡೆದು ನಿರ್ಗತಿಕರಾದವರಿಗೆ ಹೋಗುತ್ತದೆ ಎನ್ನುತ್ತಾನೆ.

ಆದ್ದರಿಂದ ಮುಂದಿನ ಕೂಟದಲ್ಲಿ ಹಣ ಯಾರ ಖಾತೆಗೆ ಹೋಗುತ್ತದೆ, ಲೆಕ್ಕ ಯಾರು ನೋಡುತ್ತಾರೆ ಎಂದು ಎಲ್ಲರೆದುರೇ ಕೇಳಿರಿ. ಉತ್ತರಕ್ಕೆ ಬದಲಾಗಿ ಶಾಪ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿರಿ. ನಾನಂತೂ ಮನೆಗೆ ಬಂದ ಬೋಧಕರಿಗೆ ಊಟ ಹಾಕುತ್ತೇನೆ, ಬಸ್ಸಿನ ಟಿಕೆಟು ತೆಗೆಸಿಕೊಡುತ್ತೇನೆ, ಕೈಗೆ ನಗದು ಕೊಡುವುದಿಲ್ಲ.

ಪ್ರಶ್ನೆ: ಆದಿಸಭೆಯವರು ಔಷಧ ಮುಟ್ಟುತ್ತಿರಲಿಲ್ಲವಂತೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬಾರದು. ಪೌಲನ ಜೊತೆಗಾರ ಲೂಕನು ವೈದ್ಯನಾಗಿದ್ದನು, ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಪೌಲನೇ ಬರೆದನು. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ವೈದ್ಯರನ್ನು ಕಾಣಿರಿ, ನಿಲ್ಲಿಸೆಂದವರ ಕೂಟಕ್ಕೆ ಮತ್ತೆ ಕಾಲಿಡಬೇಡಿ.

ಪ್ರಶ್ನೆ: ಆದಿಸಭೆಯವರಂತೆ ನಾವೂ ದೇವಾಲಯ ಬಿಟ್ಟು ಮನೆಗಳಲ್ಲೇ ಕೂಡಬೇಕೇ?

ಉತ್ತರ: ಕೂಡಬಹುದು, ಕೂಡಲೇಬೇಕೆಂಬ ನಿಯಮವಿಲ್ಲ, ಸಿರಿಯಾದ ದೂರಾ ಯೂರೋಪಸ್‌ನಲ್ಲಿ 3ನೆಯ ಶತಮಾನದ ವಿಶ್ವಾಸಿಗಳು ಮನೆಯೊಂದರ ನಡುಗೋಡೆ ಒಡೆದು ಆರಾಧನೆಗೆ ದೊಡ್ಡ ಕೋಣೆಯನ್ನೇ ಮಾಡಿಕೊಂಡಿದ್ದರು.

ಪ್ರಶ್ನೆ: ಸತ್ಯವೇದದ ಪುಸ್ತಕಗಳನ್ನು ನಿಕೇಯದ ಧರ್ಮಸಭೆಯಲ್ಲಿ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ಆರಿಸಿದನೆಂದು ವಾಟ್ಸ್‌ಆ್ಯಪ್ ವಿಡಿಯೊವೊಂದು ಹೇಳುತ್ತದೆ, ನಿಜವೇ?

ಉತ್ತರ: ಇಲ್ಲ. 325ರ ಆ ಸಭೆ ಸೇರಿದ್ದು ಮುಖ್ಯವಾಗಿ, ಯೇಸು ತಂದೆಯಾದ ದೇವರಿಗೆ ಸಮನಲ್ಲ ಎಂದ ಅರಿಯನೆಂಬ ಪಾದ್ರಿಯ ಬೋಧನೆ ಮತ್ತು ಈಸ್ಟರ್ ದಿನಾಂಕದ ವಿಚಾರಕ್ಕೆ, ಅದು ಹೊರಡಿಸಿದ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ. ಆ ವಾಟ್ಸ್‌ಆ್ಯಪ್ ವಿಡಿಯೊವನ್ನು ದಯವಿಟ್ಟು ನನಗೆ ಮತ್ತೆ ಕಳುಹಿಸಬೇಡಿ.