18 ಅಡಿ ಹಾಯಿದೋಣಿ, 10 ದಿನ ರಜೆ, ದಿನಕ್ಕೊಂದು ಬಂದರು: ಪ್ಲಾನ್ ಹೇಗೆ ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ದೋಣಿ 18 ಅಡಿ, ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗೆ ಇಳಿಯುವ ಹಲಗೆ) ಮೇಲೆತ್ತಿದರೆ ಒಂದಡಿ ನೀರು ಸಾಕು. ಇಬ್ಬರು ಹೊರಟಿದ್ದೀರಿ. ದಿನಕ್ಕೆ 30 ನಾಟಿಕಲ್ ಮೈಲಿಯಂತೆ 10 ದಿನದಲ್ಲಿ 300 ಮೈಲಿ ಮುಗಿಸಬಹುದಾ ಅಂತ ಕೇಳಿದ್ದೀರಿ.

ಬೇಡ. ನನ್ನದು 19 ಅಡಿಯ ಇಂಥದ್ದೇ ದೋಣಿ, ಮೊದಲ ಸಲ ನಾನೂ ಹೀಗೇ ಲೆಕ್ಕ ಹಾಕಿದ್ದೆ. ನಾಲ್ಕನೇ ದಿನದ ಹೊತ್ತಿಗೆ ಜೊತೆಗಿದ್ದ ಗೆಳೆಯ ನನ್ನ ಹತ್ತಿರ ಮಾತು ಬಿಟ್ಟಿದ್ದ.

ದೋಣಿಯ ಎಷ್ಟು ಉದ್ದ ನೀರಿನಲ್ಲಿ ಕೂತಿರುತ್ತದೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ, ದೋಣಿಯ ಗರಿಷ್ಠ ವೇಗ ಸಿಗುತ್ತದೆ. ನಿಮ್ಮದು ಸುಮಾರು 16 ಅಡಿ ಇರಬಹುದು, ಅಂದರೆ ಹೆಚ್ಚೆಂದರೆ 5.4 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ಸಾಮಾನು, ನೀರು, ಇಬ್ಬರು ಜನ, ಏರಿಳಿಯುವ ಗಾಳಿ ಎಲ್ಲ ಸೇರಿದರೆ ಸರಾಸರಿ ಮೂರೂವರೆ ಸಿಕ್ಕಿದರೆ ಖುಷಿಪಡಿ. ಎದುರುಗಾಳಿಯಾದರೆ ಅಂಕುಡೊಂಕಾಗಿ ಹೋಗಬೇಕು, ಆಗ 30 ಮೈಲಿ 42 ಆಗುತ್ತದೆ. ಹನ್ನೆರಡು ಗಂಟೆ ಚುಕ್ಕಾಣಿ ಹಿಡಿದು ಕೂತವರು ಸಂಜೆ ಕತ್ತಲಲ್ಲಿ ಗೊತ್ತಿಲ್ಲದ ಬಂದರಿಗೆ ನುಗ್ಗುವುದು ಒಳ್ಳೆಯದಲ್ಲ. ದಿನಕ್ಕೆ 12ರಿಂದ 15 ಮೈಲಿ ಇಟ್ಟುಕೊಳ್ಳಿ. ಹತ್ತರಲ್ಲಿ ಆರು ದಿನ ಮಾತ್ರ ಸಾಗುವುದಕ್ಕೆ, ಉಳಿದ ನಾಲ್ಕು ಸುಮ್ನೆ ಕೂರುವುದಕ್ಕೆ. ಆ ನಾಲ್ಕು ದಿನ ಕೈಯಲ್ಲಿ ಇಲ್ಲದಿದ್ದರೆ ಹೋಗಬಾರದ ದಿನವೇ ಹೋಗುತ್ತೀರಿ. ವಾಪಸ್ ಅದೇ ಜಾಗಕ್ಕೆ ಬರಬೇಕಿದ್ದರೆ ಮೊದಲ ಅರ್ಧ ಗಾಳಿಗೆ ಎದುರಾಗಿ ಹೋಗಿ. ಮೈಕೈ ಸೋತ ಮೇಲೆ ಗಾಳಿ ಬೆನ್ನಿಗಿದ್ದರೆ ಒಳ್ಳೆಯದು, ಅಲ್ವಾ?

ಇನ್ನು ಪ್ಲಾನ್. ನಕ್ಷೆ ಬಿಡಿಸಿ ಮೊದಲು ದಾರಿ ಎಳೆಯಬೇಡಿ. ಮೊದಲು ನುಗ್ಗಬಹುದಾದ ಜಾಗಗಳನ್ನೆಲ್ಲ ಗುರುತು ಮಾಡಿ. ಬಂದರು, ಹಿನ್ನೀರು, ಅಳಿವೆ (ನದಿ ಸಮುದ್ರ ಸೇರುವ ಬಾಯಿ), ಮರಳದಿಬ್ಬದ ಮರೆ, ಎಲ್ಲ. ಒಂದೊಂದರ ಪಕ್ಕದಲ್ಲೂ ಬರೆಯಿರಿ: ಯಾವ ದಿಕ್ಕಿನ ಗಾಳಿಯಲ್ಲಿ ಇದು ಸರಿ, ಉಬ್ಬರ ಇಳಿತದ ಯಾವ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತದೆ. ದೊಡ್ಡ ದೋಣಿಯವರಿಗೆ ಮೂರು ಜಾಗ ಇರುವ ಕಡೆ ನಿಮಗೆ ಹತ್ತು ಇರುತ್ತವೆ. ಕಡಿಮೆ ನೀರಿನ ದೋಣಿಯ ಲಾಭ ಪೂರ್ತಿ ಇಲ್ಲೇ ಇರೋದು. ಹೊರಗಿನ ಸಮುದ್ರದಲ್ಲಿ ಅದರಿಂದ ಏನೂ ಉಪಯೋಗವಿಲ್ಲ.

ಒಂದಡಿ ನೀರು ಸಾಕು ಅನ್ನೋ ಧೈರ್ಯ ಜನರನ್ನು ಜಾಸ್ತಿ ಕೆಡಿಸುವುದು ಅಳಿವೆಯಲ್ಲಿ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳ ಸಿಕ್ಕ ಕಡೆ ಒಡೆಯುತ್ತದೆ. ಒಂದು ಮೀಟರಿನ ಅಲೆ 1.3 ಮೀಟರ್ ನೀರಿನಲ್ಲಿ ಒಡೆಯಿತು ಅನ್ನಿ. ಅಲ್ಲಿ ನಿಮ್ಮ ದೋಣಿಗೆ ಬೇಕಾದಷ್ಟು ನೀರಿದೆ, ಅಲೆಗೆ ಇಲ್ಲ. ಇಳಿತದ ನೀರು ರಭಸವಾಗಿ ಹೊರಗೆ ಬರುವಾಗ ಸಮುದ್ರದ ಅಲೆ ಅದಕ್ಕೆ ಎದುರಾದರೆ ಗೋಡೆ ಥರ ಎದ್ದು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಅಲೆಯ ಬೆನ್ನಷ್ಟೇ ಕಾಣೋದು, ಎಲ್ಲ ಶಾಂತ ಅನ್ನಿಸುತ್ತದೆ. ಒಳಹೋಗುವುದಿದ್ದರೆ ಉಬ್ಬರದ ಕೊನೆಯ ಒಂದೆರಡು ಗಂಟೆಯಲ್ಲೇ ಹೋಗಿ. ಅನುಮಾನ ಬಂದರೆ ಮುಂದಿನ ಬಂದರಿಗೆ ನಡೆಯಿರಿ. ಅದಕ್ಕೇ ಪ್ರತಿ ದಿನಕ್ಕೂ ಎರಡನೇ ಬಂದರು ಒಂದು ಬರೆದಿಟ್ಟಿರಬೇಕು. ಅದಕ್ಕೆ ಅಳಿವೆ ದಾಟುವ ತೊಂದರೆ ಇರಬಾರದು.

ಉಬ್ಬರ ಇಳಿತದ ಪಟ್ಟಿ ಓದುವುದು ಕಷ್ಟವಲ್ಲ. ದಿನಕ್ಕೆರಡು ಉಬ್ಬರ ಬರುವ ಕರಾವಳಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನವೂ 50 ನಿಮಿಷ ಮುಂದಕ್ಕೆ ಜಾರುತ್ತದೆ. ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು. ನಾಲ್ಕು ಮೀಟರ್ ವ್ಯತ್ಯಾಸ ಇರುವ ಕಡೆ ಮೂರನೇ ಗಂಟೆಯೊಂದರಲ್ಲೇ ಒಂದು ಮೀಟರ್. ನಕ್ಷೆಯಲ್ಲಿ ಅಂಕೆಯ ಕೆಳಗೆ ಗೆರೆ ಇದ್ದರೆ ಅದು ಆಳವಲ್ಲ, ಇಳಿತದಲ್ಲಿ ಬಯಲಾಗುವ ನೆಲದ ಎತ್ತರ. ಅಲ್ಲಿ 1.2 ಅಂತಿದ್ದು ಆ ಹೊತ್ತಿನ ಉಬ್ಬರ 2 ಮೀಟರ್ ಆದರೆ ನಿಮಗೆ ಸಿಗುವುದು 80 ಸೆಂಟಿಮೀಟರ್ ನೀರು.

ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಇದನ್ನು ನಾನು ಕಲಿತಿದ್ದು ಕೆಸರಿನಲ್ಲಿ. ಹುಣ್ಣಿಮೆ ಆಗಿ ಮೂರನೇ ದಿನ ಉಬ್ಬರದ ತುದಿಯಲ್ಲಿ ಒಂದು ಕಿರು ಹಿನ್ನೀರಿಗೆ ಹೋಗಿ ಆರಾಮಾಗಿ ಕೆಸರಿನ ಮೇಲೆ ಕೂತೆ. ಮಾರನೇ ದಿನ ನೀರು ಬಂತು, ದೋಣಿ ಏಳಲಿಲ್ಲ. ನಾಲ್ಕು ಬೆರಳು ಕಡಿಮೆ. ಮುಂದಿನ ಉಬ್ಬರ ಇನ್ನೂ ಚಿಕ್ಕದು ಅಂತ ಆಗ ಹೊಳೆಯಿತು. ನೀರಿನ ಕ್ಯಾನು, ಲಂಗರು, ಎಂಜಿನ್ ಎಲ್ಲ ದಡಕ್ಕೆ ಹೊತ್ತು, ಸೊಂಟದವರೆಗೆ ಕೆಸರಲ್ಲಿ ನಿಂತು ನೂಕಿದೆವು. ಆವತ್ತು ಹೊರಡದಿದ್ದರೆ ಮುಂದಿನ ದೊಡ್ಡ ಉಬ್ಬರಕ್ಕೆ ಹತ್ತು ಹನ್ನೆರಡು ದಿನ ಕಾಯಬೇಕಿತ್ತು. ಹಾಗಾಗಿ ನೆಲಕ್ಕೆ ಕೂರಿಸುವುದಿದ್ದರೆ ಉಬ್ಬರ ದಿನದಿಂದ ದಿನಕ್ಕೆ ಬೆಳೆಯುತ್ತಿರುವ ವಾರದಲ್ಲಿ ಕೂರಿಸಿ. ಜಾಗವನ್ನು ಇಳಿತದಲ್ಲಿ ಮೊದಲೇ ನಡೆದು ನೋಡಿದರೆ ಇನ್ನೂ ಒಳ್ಳೆಯದು. ಸಣ್ಣ ಕಲ್ಲಿರುವ ನೆಲ ಬೇಡ. ಸೆಂಟರ್‌ಬೋರ್ಡಿನ ಸಂದಿಗೆ ಒಂದು ಕಲ್ಲು ಸಿಕ್ಕರೆ ಬೋರ್ಡ್ ಕೆಳಗಿಳಿಯುವುದಿಲ್ಲ. ನಿಮ್ಮದೇ ಲಂಗರಿನ ಮೇಲೆ ಕೂರುವುದೂ ಬೇಡ, ಅದನ್ನೂ ಮಾಡಿದ್ದೇನೆ.

ಲಂಗರಿನ ಹಗ್ಗ ಬಿಡುವಾಗ ಉಬ್ಬರದ ಆಳ ಲೆಕ್ಕಕ್ಕೆ ತಗೊಳ್ಳಿ, ಆಗಿನ ಆಳವಲ್ಲ. ಅದರ ಏಳು ಪಟ್ಟು ಬಿಡಿ. ಒಳ್ಳೆಯ ಹವೆಯ ದಿನಗಳಲ್ಲಿ ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಜೋರಾಗುತ್ತದೆ, ಬೆಳಗಿನ ಜಾವವೇ ಹೊರಟು ಊಟದ ಹೊತ್ತಿಗೆ ಒಳಗಿರಿ. ದೊಡ್ಡ ಬಂದರಿನಲ್ಲಿ ಹಡಗಿನ ದಾರಿಯ ಗುರುತಿನ ಆಚೆ, ಆಳ ಕಡಿಮೆ ಇರುವ ಅಂಚಿನಲ್ಲಿ ಸಾಗಿ. ಕಿರಿದಾದ ದಾರಿಯಲ್ಲಿ 20 ಮೀಟರಿಗಿಂತ ಚಿಕ್ಕ ದೋಣಿಗಳು ಆ ದಾರಿ ಬಿಟ್ಟು ಹೋಗಲಾಗದ ಹಡಗಿಗೆ ಅಡ್ಡ ಬರಬಾರದು ಅನ್ನೋದು ಅಂತಾರಾಷ್ಟ್ರೀಯ ನಿಯಮವೇ. ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ. ದಡದಲ್ಲಿ ಒಬ್ಬರಿಗೆ ದಿನದ ಪ್ಲಾನ್ ಹೇಳಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅನ್ನೋದನ್ನೂ ಹೇಳಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್.

ಎಂಜಿನ್ ಬಗ್ಗೆ ನೀವು ಬರೆದಿಲ್ಲ. ಔಟ್‌ಬೋರ್ಡ್ ಇದ್ದರೆ ಇಂಧನದಲ್ಲಿ ಮೂರನೇ ಒಂದು ಪಾಲು ಮುಟ್ಟಬೇಡಿ. ಇಲ್ಲದಿದ್ದರೆ ಉದ್ದನೆಯ ಹುಟ್ಟು ಎರಡು ಬೇಕೇ ಬೇಕು. ಆಗ ದಿನಕ್ಕೆ 15 ಅಲ್ಲ, 10 ಮೈಲಿ ಅಂತ ಇಟ್ಟುಕೊಳ್ಳಿ.