ನೆಲಮಾಳಿಗೆಯಲ್ಲಿ ಸಾವಿರ ಲೀಟರ್ ಎಣ್ಣೆ

ಪ್ರಶ್ನೆ: ಈ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶ್ರೂಸ್‌ಬರಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡೆವು. ನೆಲಮಾಳಿಗೆಯಲ್ಲಿ 275 ಗ್ಯಾಲನ್ನಿನ ಉಕ್ಕಿನ ಎಣ್ಣೆ ಟ್ಯಾಂಕ್ ಇದೆ, ಮನೆ ಬೆಚ್ಚಗಾಗುವುದು ಅದರಿಂದಲೇ. ದಾವಣಗೆರೆಯಿಂದ ಬಂದಿರುವ ಅತ್ತೆಯವರು ಅದರ ಮೇಲಿನ ಕೋಣೆಯಲ್ಲಿ ಮಲಗಲು ಹೆದರುತ್ತಿದ್ದಾರೆ. ಟ್ಯಾಂಕ್ ಸಿಡಿಯಬಹುದೇ? ಅದರ ವಯಸ್ಸು ಹಿಂದಿನ ಮಾಲೀಕರಿಗೂ ಗೊತ್ತಿಲ್ಲ. ಚಳಿ ಹಿಡಿಯುವ ಮುನ್ನ ಏನು ಮಾಡಬೇಕು?

ಉತ್ತರ: ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಆ ಟ್ಯಾಂಕಿನಲ್ಲಿರುವುದು ಡೀಸೆಲ್‌ಗೆ ತೀರ ಹತ್ತಿರದ ಎಣ್ಣೆ. ವಾಹನಗಳ ಇಂಧನಕ್ಕಿರುವ ತೆರಿಗೆ ಇದಕ್ಕಿಲ್ಲ. ಯಾರೂ ಇದನ್ನು ಲಾರಿಗೆ ತುಂಬಿಸಬಾರದೆಂದು ಕೆಂಪು ಬಣ್ಣ ಬೆರೆಸಿರುತ್ತಾರೆ. ಸುಮಾರು 38 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದು. ನಿಮ್ಮ ನೆಲಮಾಳಿಗೆ ಅಷ್ಟು ಬಿಸಿಯಾಗುವುದಿಲ್ಲ. ಮನೆ ಕಾಯಿಸಲು ಎಣ್ಣೆ ಉರಿಸುವ ಬರ್ನರ್ ಕೂಡ ಅದನ್ನು ಇದ್ದ ಹಾಗೆ ಉರಿಸಲಾರದು. ಪಂಪಿನ ಒತ್ತಡದಲ್ಲಿ ಸಣ್ಣ ನಾಜಲ್ ಮೂಲಕ ಮಂಜಿನಂತೆ ಚಿಮ್ಮಿಸಿ ಕಿಡಿ ತಾಗಿಸಬೇಕು. ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಒತ್ತಡ ಈ ಟ್ಯಾಂಕಿನಲ್ಲಿಲ್ಲ, ಗಾಳಿ ಕೊಳವೆಯ ಮೂಲಕ ಅದು ಸದಾ ಹೊರಗಾಳಿಗೆ ತೆರೆದಿರುತ್ತದೆ. ಜೀವಕ್ಕೆ ಅಪಾಯ ಬರುವುದಾದರೆ ಅದು ಬರ್ನರ್ ಕೆಟ್ಟಾಗ ಅಥವಾ ಚಿಮಣಿ ಕಟ್ಟಿಕೊಂಡಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ನಿಂದ. ಅದಕ್ಕೆ ವಾಸನೆಯಿಲ್ಲ. ಪ್ರತಿ ಮಹಡಿಯಲ್ಲೂ ಅಲಾರಂ ಇದೆಯೇ, ಅದು ಕೂಗುತ್ತದೆಯೇ ಎಂದು ಇಂದೇ ನೋಡಿ.

ಟ್ಯಾಂಕಿನ ವಿಷಯದಲ್ಲಿ ನಾನು ಹೆದರುವುದು ತುಕ್ಕಿಗೆ. ಅದು ಒಳಗಿನಿಂದ ಹೊರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವದ ಗಾಳಿ ಸೇರುತ್ತದೆ, ತಣ್ಣನೆಯ ಉಕ್ಕಿನ ಮೇಲೆ ಬೆವರಿನಂತೆ ನೀರು ಕಟ್ಟುತ್ತದೆ. ನೀರು ಎಣ್ಣೆಗಿಂತ ಭಾರ, ಇಳಿದು ತಳದಲ್ಲಿ ಕೂರುತ್ತದೆ. ನೀರೂ ಎಣ್ಣೆಯೂ ಕೂಡುವ ಆ ಗೆರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅವು ಬಿಡುವ ಆಮ್ಲ ಉಕ್ಕನ್ನು ತಿನ್ನುತ್ತದೆ, ಕೆಸರು ಶೇಖರವಾಗುತ್ತದೆ. ಹೊರಗಿನ ಬಣ್ಣ ಹೊಸದರಂತೆ ಹೊಳೆಯುತ್ತಿರುವಾಗಲೇ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ. ಮನೆ ಕೊಳ್ಳುವಾಗ ಅಡುಗೆಮನೆಯ ಕಲ್ಲು, ದೇವರ ಮನೆಯ ದಿಕ್ಕು ಎಲ್ಲವನ್ನೂ ಗಮನಿಸುವ ನಮ್ಮವರು ಈ ತಳದತ್ತ ಬಾಗಿ ನೋಡುವುದಿಲ್ಲ. ಅದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಆದ್ದರಿಂದ ಟಾರ್ಚ್ ಹಿಡಿದು ನೆಲದ ಮಟ್ಟಕ್ಕೆ ಕುಳಿತು ನೋಡಿ. ತಳದ ಉದ್ದಕ್ಕೂ ಒಣ ಕಾಗದವನ್ನು ಮೆಲ್ಲಗೆ ಒತ್ತಿ. ಕೆಂಪು ಕಲೆ, ಜಿಡ್ಡು ಅಥವಾ ಬೆವರಿನಂಥ ಹನಿ ಕಂಡರೆ ಅದು ಕೊನೆಯ ಎಚ್ಚರಿಕೆ. ಅಲ್ಲಿನ ತುಕ್ಕನ್ನು ಕೆರೆಯಬೇಡಿ, ತಂತ್ರಜ್ಞರನ್ನು ಕರೆಯಿರಿ. ಕಾಲುಗಳು ನೆಟ್ಟಗಿವೆಯೇ ನೋಡಿ, ತುಂಬಿದ ಟ್ಯಾಂಕ್ ಒಂದು ಟನ್ನಿನಷ್ಟು ತೂಗುತ್ತದೆ. ವಯಸ್ಸು ತಿಳಿಯಲು ಟ್ಯಾಂಕಿನ ಮೇಲಿನ ಲೋಹದ ಪಟ್ಟಿಯನ್ನೂ ಬಾಯ್ಲರ್ (ಮನೆ ಬೆಚ್ಚಗಿಡುವ ನೀರನ್ನು ಕಾಯಿಸುವ ಯಂತ್ರ) ಪಕ್ಕ ತೂಗುಹಾಕಿರುವ ಸರ್ವೀಸ್ ಚೀಟಿಗಳನ್ನೂ ಓದಿ. ಶ್ರವಣಾತೀತ ಧ್ವನಿಯಿಂದ ಉಕ್ಕಿನ ದಪ್ಪ ಅಳೆಯುವ ಪರೀಕ್ಷೆಯೂ ಇದೆ. ಏನೂ ತಿಳಿಯದೆ ಹೋದರೆ, ಟ್ಯಾಂಕ್ ಮುದಿಯಾಗಿದೆ ಎಂದುಕೊಂಡು ಬದಲಿಸಲು ಹಣ ಕೂಡಿಡಿ. ಒಳಗೊಂದು ಹೊರಗೊಂದು ಪದರವಿರುವ ಹೊಸ ಟ್ಯಾಂಕ್ ದುಬಾರಿಯೇ, ಆದರೆ ಎಣ್ಣೆ ಕುಡಿದ ಮಣ್ಣನ್ನು ಅಗೆದು ಸಾಗಿಸುವ ಖರ್ಚಿನ ಮುಂದೆ ಅದು ಅಲ್ಪ.

ಟ್ಯಾಂಕಿನಿಂದ ಬರ್ನರ್‌ಗೆ ಹೋಗುವ ತಾಮ್ರದ ಕೊಳವೆಯನ್ನೂ ಹಿಂಬಾಲಿಸಿ. ಅದು ಕಾಂಕ್ರೀಟ್ ನೆಲದೊಳಗೆ ಮಾಯವಾದರೆ ಎಚ್ಚರ. ಹೊದಿಕೆಯಿಲ್ಲದ ತಾಮ್ರವನ್ನು ಕಾಂಕ್ರೀಟು ಕಾಲಕ್ರಮದಲ್ಲಿ ತಿನ್ನುತ್ತದೆ, ಸೋರಿದ್ದು ಕಣ್ಣಿಗೆ ಕಾಣದೆ ನೇರ ಮಣ್ಣಿಗಿಳಿಯುತ್ತದೆ. ಇದಕ್ಕಾಗಿಯೇ ಮ್ಯಾಸಚೂಸೆಟ್ಸ್ ಕಾನೂನು ಮಾಡಿತು: ಇಂಥ ಮನೆಗಳಲ್ಲಿ ಕೊಳವೆಗೆ ರಕ್ಷಣಾ ಹೊದಿಕೆ ಅಥವಾ ಕೊಳವೆ ಸೋರಿದರೆ ಎಣ್ಣೆಯ ಹರಿವನ್ನು ತಡೆಯುವ ಸುರಕ್ಷತಾ ಕವಾಟ ಇರಲೇಬೇಕು, ಅಳವಡಿಸಲು ಕೊಟ್ಟ ಗಡುವು 2011ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ. ಅದೇ ಕಾನೂನಿನಂತೆ ವಿಮಾ ಕಂಪನಿಗಳು ಎಣ್ಣೆ ಸೋರಿಕೆಗೆ ರಕ್ಷಣೆಯನ್ನು ಮಾರಲೇಬೇಕು. ಆದರೆ ಕೇಳಿ ಸೇರಿಸಿಕೊಳ್ಳದಿದ್ದರೆ ಅದು ನಿಮ್ಮ ಪಾಲಿಸಿಯಲ್ಲಿ ಇರಲಾರದು. ದೂರವಾಣಿ ಮಾಡಿ ಕೇಳಿ. 10 ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು ಎಣ್ಣೆ ಚೆಲ್ಲಿದರೆ ಎರಡು ಗಂಟೆಯೊಳಗೆ ರಾಜ್ಯದ ಪರಿಸರ ಇಲಾಖೆಗೆ ತಿಳಿಸಬೇಕು. ನೆಲಮಾಳಿಗೆಯ ನೀರೆತ್ತುವ ಪಂಪನ್ನು ಆಗ ತಕ್ಷಣ ನಿಲ್ಲಿಸಿ, ಇಲ್ಲವಾದರೆ ಅದು ಎಣ್ಣೆಯನ್ನು ಅಂಗಳಕ್ಕೆ ಎತ್ತಿ ಹಾಕುತ್ತದೆ.

ಎಣ್ಣೆ ತುಂಬಿಸುವ ದಿನ ಸಾಧ್ಯವಾದರೆ ಮನೆಯಲ್ಲಿರಿ. ಟ್ಯಾಂಕಿನ ಗಾಳಿ ಹೊರಹೋಗುವಾಗ ಗಾಳಿ ಕೊಳವೆಯ ಸೀಟಿ ಊದುತ್ತದೆ. ಲಾರಿಯ ಚಾಲಕರು ಅದನ್ನೇ ಆಲಿಸುತ್ತಿರುತ್ತಾರೆ, ಸೀಟಿ ನಿಂತರೆ ಟ್ಯಾಂಕ್ ತುಂಬಿತು ಎಂದರ್ಥ. ಸೀಟಿಯೇ ಕೇಳಿಸದಿದ್ದರೆ ತುಂಬಿಸಬಾರದು. ಗೋಡೆಯ ಹೊರಗೆ ಬಳಕೆಯಲ್ಲಿಲ್ಲದ ಹಳೆಯ ತುಂಬು ಕೊಳವೆ ಉಳಿದಿದ್ದರೆ ಅದನ್ನು ಕಿತ್ತು ತೆಗೆಸಿ. ಟ್ಯಾಂಕೇ ಇಲ್ಲದ ನೆಲಮಾಳಿಗೆಗೆ ನೂರಾರು ಗ್ಯಾಲನ್ ಸುರಿದು ಹೋದ ಪ್ರಕರಣಗಳು ನಡೆದಿವೆ. ತುಂಬಿಸುವಾಗ ಬರ್ನರ್ ಆರಿಸಿ, ಮುಗಿದ ಮೇಲೆ ಕೆಸರು ಕೂರಲು ಒಂದೆರಡು ಗಂಟೆ ಕೊಡಿ. ಫಿಲ್ಟರ್, ನಾಜಲ್ ವರ್ಷಕ್ಕೊಮ್ಮೆ ಬದಲಾಗಲಿ.

ಪ್ರಶ್ನೆ: ಡಿಸೆಂಬರಿನಲ್ಲಿ ಮೂರು ವಾರ ಮೈಸೂರಿಗೆ ಹೊರಟಿದ್ದೇವೆ. ಮಾಪಕ ಕಾಲು ಟ್ಯಾಂಕ್ ತೋರಿಸುತ್ತಿದೆ. ಹೀಟಿಂಗ್ ಆರಿಸಿ ಹೋದರೆ ಎಣ್ಣೆ ಉಳಿಯುವುದಿಲ್ಲವೇ?

ಉತ್ತರ: ದಯವಿಟ್ಟು ಆರಿಸಬೇಡಿ. ಕೊಳಾಯಿಯೊಳಗಿನ ನೀರು ಹೆಪ್ಪುಗಟ್ಟಿ ಒಡೆದರೆ ನೀವು ಮರಳುವ ಹೊತ್ತಿಗೆ ಛಾವಣಿ ಕುಸಿದಿರುತ್ತದೆ. ಮನೆಯನ್ನು ಬೆಚ್ಚಗಿಡದೆ, ನೀರನ್ನೂ ಬಂದ್ ಮಾಡಿ ಖಾಲಿ ಮಾಡದೆ ಹೋದವರ ಪರಿಹಾರದ ಕೋರಿಕೆಯನ್ನು ವಿಮಾ ಕಂಪನಿ ತಿರಸ್ಕರಿಸಬಹುದು.

ಈಗ ಒಂದು ಲೆಕ್ಕ. ಇಲ್ಲಿನ ಎಣ್ಣೆ ವ್ಯಾಪಾರಿಗಳು 65 ಡಿಗ್ರಿ ಫ್ಯಾರನ್‌ಹೀಟ್‌ನಿಂದ ದಿನದ ಸರಾಸರಿ ಉಷ್ಣಾಂಶವನ್ನು ಕಳೆದು 'ಡಿಗ್ರಿ-ದಿನ' ಎಣಿಸುತ್ತಾರೆ. ಸರಾಸರಿ 25 ಇದ್ದರೆ 40 ಡಿಗ್ರಿ-ದಿನ. ನಿಮ್ಮ ಮನೆ 5 ಡಿಗ್ರಿ-ದಿನಕ್ಕೆ ಒಂದು ಗ್ಯಾಲನ್ ಸುಡುತ್ತದೆ ಎಂದುಕೊಳ್ಳಿ, ಆ ದಿನ 8 ಗ್ಯಾಲನ್ ಹೋಯಿತು. 275ರ ಟ್ಯಾಂಕಿನ ಕಾಲು ಭಾಗವೆಂದರೆ ಹೆಚ್ಚೆಂದರೆ 69 ಗ್ಯಾಲನ್. ಎಂಟೊಂಬತ್ತು ದಿನಕ್ಕೆ ಮುಗಿಯಿತು. ಮನೆಯ ಬಿಸಿಯನ್ನು ನಿಗದಿಪಡಿಸುವ ಥರ್ಮೋಸ್ಟಾಟ್ ಇಳಿಸಿದರೆ ಇನ್ನಷ್ಟು ದಿನ ಬಂದೀತು, ಆದರೆ ಮೂರು ವಾರದ ಮಟ್ಟಿಗೆ ಅದನ್ನು ನಂಬಬೇಡಿ. ಹೊರಡುವ ಮುನ್ನ ಟ್ಯಾಂಕ್ ತುಂಬಿಸಿ, ಥರ್ಮೋಸ್ಟಾಟನ್ನು 55ಕ್ಕಿಂತ ಕೆಳಗಿಳಿಸಬೇಡಿ. ನಲ್ಲಿಗಳ ನೀರನ್ನು ಬಂದ್ ಮಾಡುವುದು ಒಳ್ಳೆಯದು. ಕೆಲವು ಬಾಯ್ಲರ್‌ಗಳಿಗೆ ತಾನಾಗಿ ನೀರು ಬರುತ್ತಿರಬೇಕು, ಆದ್ದರಿಂದ ತಂತ್ರಜ್ಞರನ್ನು ಕೇಳಿಯೇ ಮಾಡಿ. ಗೆಳೆಯರೊಬ್ಬರಿಗೆ ಬೀಗದ ಕೈ ಕೊಟ್ಟು ಎರಡು ಮೂರು ದಿನಕ್ಕೊಮ್ಮೆ ಬಂದು ನೋಡಲು ಹೇಳಿ. ಬರ್ನರ್ ನಿಂತಿದ್ದರೆ ಕೆಂಪು ರೀಸೆಟ್ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಬೇಕೆಂದು ಅವರಿಗೆ ತಿಳಿಸಿ. ಮತ್ತೆ ಮತ್ತೆ ಒತ್ತಿದರೆ ಉರಿಯದ ಎಣ್ಣೆ ಒಲೆಯೊಳಗೆ ತುಂಬಿ, ಕೊನೆಗೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ನೋಡಿದ್ದೇವೆ. ಹಿತ್ತಲಲ್ಲಿ ಹಳೆಯ ಎಣ್ಣೆ ಟ್ಯಾಂಕ್ ಹೂತಿರಬಹುದು, ಈಗ ಗ್ಯಾಸ್ ಇರುವುದರಿಂದ ಚಿಂತೆಯಿಲ್ಲ ಎನ್ನುತ್ತಾರೆ ಮಾರುವವರು.

ಉತ್ತರ: ಚಿಂತೆ ಇದೆ. ಮನೆ ನಿಮ್ಮ ಹೆಸರಿಗೆ ಬಂದ ಮೇಲೆ ಮಣ್ಣಿನೊಳಗಿನ ಎಣ್ಣೆಯೂ ನಿಮ್ಮ ಹೊಣೆಯಾಗುತ್ತದೆ. ಸಹಿ ಹಾಕುವ ಮುನ್ನ ಲೋಹಶೋಧಕದಿಂದ ಹಿತ್ತಲನ್ನು ಹುಡುಕಿಸಿ. ಟ್ಯಾಂಕ್ ಸಿಕ್ಕರೆ, ಮಾರುವವರ ಖರ್ಚಿನಲ್ಲಿ ಅದನ್ನು ಹೊರತೆಗೆಸಿ ಮಣ್ಣನ್ನು ಪರೀಕ್ಷಿಸಲು ಒಪ್ಪಂದದಲ್ಲೇ ಬರೆಸಿ. ಸೋರಿದ್ದು ಕಂಡುಬಂದರೆ, ಶುದ್ಧೀಕರಣ ಮುಗಿದು ಮುಂದಿನ ಕ್ರಮ ಬೇಕಿಲ್ಲ ಎಂಬ ರಾಜ್ಯ ಪರಿಸರ ಇಲಾಖೆಯ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ.