ಹಣದುಬ್ಬರ ಇಳಿದರೂ ಬೆಲೆ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ಬ್ರಿಟನ್ನಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಶೇ 11.1 ಇದ್ದ ಹಣದುಬ್ಬರ 2024ರ ಮೇ ಹೊತ್ತಿಗೆ ಶೇ 2ಕ್ಕೆ ಬಂತು. ಆದರೂ ಜನ ದುಬಾರಿ ಎನ್ನುತ್ತಲೇ ಇದ್ದರು. ಏಕೆ?

ಉತ್ತರ: ಹಣದುಬ್ಬರ ಅಳೆಯುವುದು ಬೆಲೆ ಏರುವ ವೇಗವನ್ನು. 100 ಪೌಂಡಿನ ಸಾಮಾನು ಒಂದು ವರ್ಷ ಶೇ 11 ಏರಿದರೆ 111 ಆಗುತ್ತದೆ. ಮರುವರ್ಷ ಶೇ 2 ಏರಿದರೆ 113.22. ವೇಗ ತಗ್ಗಿತು, ಬಿಲ್ ತಗ್ಗಲಿಲ್ಲ. ಅದು ಮತ್ತೆ 100ಕ್ಕೆ ಬರಬೇಕಾದರೆ ಬೆಲೆಗಳು ಸುಮಾರು ಶೇ 11.7 ಕುಸಿಯಬೇಕು. ಅದನ್ನು ಯಾವ ಕೇಂದ್ರ ಬ್ಯಾಂಕೂ ಬಯಸುವುದಿಲ್ಲ: ಬೆಲೆ ಇನ್ನೂ ಇಳಿಯಲಿ ಎಂದು ಜನ ಕೊಳ್ಳುವುದನ್ನು ಮುಂದೂಡುತ್ತಾರೆ, ಸಾಲದ ಹೊರೆ ಭಾರವಾಗುತ್ತದೆ.

ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಜಿಗಿದಾಗ ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು 2023ರ ಆಗಸ್ಟ್‌ನಲ್ಲಿ ಶೇ 5.25ಕ್ಕೆ ಒಯ್ದಿತು. ಬಡ್ಡಿ ಏರಿಸಿದ ಮಾತ್ರಕ್ಕೆ ಹೆಚ್ಚು ಅನಿಲ ಉತ್ಪಾದನೆಯಾಗುವುದಿಲ್ಲ. ಸಾಲ ದುಬಾರಿಯಾಗಿ ಬೇಡಿಕೆ ತಗ್ಗುತ್ತದೆ, ಅಷ್ಟೆ. ಜೊತೆಗೆ, ಹೋದ ವರ್ಷದ ಬೆಲೆ ಸೂಚ್ಯಂಕವೇ (ಸಾಮಾನುಗಳ ಒಟ್ಟಾರೆ ಬೆಲೆ ಮಟ್ಟದ ಅಳತೆ) ಎತ್ತರದಲ್ಲಿದ್ದರೆ ಈ ವರ್ಷದ ದರ ತಾನಾಗಿಯೇ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಒಂದೇ ವರ್ಷದ ದರ ನೋಡಿ ಸಮಾಧಾನಪಡಬೇಡಿ. ಮೇಲಿನ ಲೆಕ್ಕದಲ್ಲಿ ಎರಡು ವರ್ಷಗಳ ಒಟ್ಟು ಸಂಬಳ ಏರಿಕೆ ಶೇ 13.22ಕ್ಕಿಂತ ಕಡಿಮೆಯಿದ್ದರೆ ಆ ಮನೆಯ ಕೊಳ್ಳುವ ಶಕ್ತಿ ಕುಗ್ಗಿದೆ.